ಬಂಡೆಯೂ ಅಲ್ಲ, ಬರಿಯ ಬೊಬ್ಬೆಯೂ ಅಲ್ಲ

ಉಡುಪಿ ಜಿಲ್ಲೆಯವರಿಗೆ ಬಂಡೆಯೆಂಬುದು ಅಪರೂಪದ ವಸ್ತುವಲ್ಲ. ಕಾರ್ಕಳದ ಗುಡ್ಡದ ನೆತ್ತಿಯಲ್ಲಿ 1432ರಿಂದ ನಿಂತಿರುವ ಸುಮಾರು 42 ಅಡಿ ಎತ್ತರದ ಬಾಹುಬಲಿ ಒಂದೇ ಶಿಲೆಯಿಂದ ಮೂಡಿದವನು. ಕಾಪುವಿನ ದೀಪಸ್ತಂಭ 1901ರಿಂದ ಕಡಲಿಗೆ ಬೆಳಕು ತೋರುತ್ತಿರುವುದೂ ಬಂಡೆಯ ಮೇಲೆ ನಿಂತೇ. ಹೀಗಿರುವಾಗ ಮನೆಯ ಹುಡುಗನೊಬ್ಬ ‘ನನಗೆ ರಾಕ್ ಎಂದರೆ ಪ್ರಾಣ’ ಎಂದರೆ, ಹಿರಿಯರಿಗೆ ಮೊದಲು ಕಲ್ಲು ನೆನಪಾಗುವುದು ಸಹಜ.

ಆದರೆ ಆ ಇಂಗ್ಲಿಷ್ ಪದಕ್ಕೆ ಇನ್ನೊಂದು ಅರ್ಥವುಂಟು: ತೂಗುವುದು, ಓಲಾಡುವುದು. 1950ರ ದಶಕದಲ್ಲಿ ಅಮೆರಿಕದಲ್ಲಿ ಬ್ಲೂಸ್ ಮೊದಲಾದ ಜನಪದ ಗಾಯನದ ಬೇರಿನಿಂದ ಚಿಗುರಿ, ವಿದ್ಯುತ್ ಗಿಟಾರಿನ ಝೇಂಕಾರದೊಂದಿಗೆ ಜಗತ್ತನ್ನೆಲ್ಲ ಸುತ್ತಿದ ಈ ಸಂಗೀತಕ್ಕೆ ಹೆಸರು ಬಂದುದು ಆ ಎರಡನೆಯ ಅರ್ಥದಿಂದ. ಅದು ಕಲ್ಲಲ್ಲ, ತೊಟ್ಟಿಲಿನ ನಂಟು!

ಈ ತೊಟ್ಟಿಲಿನಲ್ಲಿ ಬೆಳೆದ ರಸಿಕನೊಬ್ಬ ಹುಟ್ಟಿದುದು ಕಾಪುವಿನಲ್ಲಿ, ಓದಿದುದು ಮಣಿಪಾಲದಲ್ಲಿ. ಇಂದು ಉದ್ಯೋಗವೂ ಅಲ್ಲಿಯೇ. 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾದ ಮೇಲೆ ಮಣಿಪಾಲದ ಗುಡ್ಡಕ್ಕೆ ದೇಶದ ಮೂಲೆ ಮೂಲೆಗಳಿಂದ ವಿದ್ಯಾರ್ಥಿಗಳು ಬಂದರು. ಪೆಟ್ಟಿಗೆಯೊಡನೆ ತಮ್ಮ ತಮ್ಮ ಹಾಡುಗಳನ್ನೂ ತಂದರು. ಈ ತರುಣನಿಗೆ ರಾಕ್‌ನ ದೀಕ್ಷೆಯಾದುದು ಹಾಸ್ಟೆಲಿನ ಅಂತಹುದೊಂದು ಕೋಣೆಯಲ್ಲಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡದ ಕಛೇರಿ ನಡೆದಾಗ, ಹಿಂದಿನ ರಾತ್ರಿಯ ಬಸ್ಸು ಹತ್ತಿ ಘಾಟಿ ಏರಿದವರಲ್ಲಿ ಅವನೂ ಒಬ್ಬ.

ರಸಿಕನೆಂದ ಮೇಲೆ ಅಭಿಪ್ರಾಯಗಳಿಗೆ ಬರಗಾಲವೇ? ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮನ್ನು ಲೋಕವೆಲ್ಲ ಕೊಂಡಾಡಿದರೂ ಅವನು 1969ರ ‘ಅಬ್ಬೆ ರೋಡ್’ ಕಡೆಗೇ ವಾಲುತ್ತಾನೆ. ಅದರ ಎರಡನೆಯ ಬದಿಯಲ್ಲಿ ಚಿಕ್ಕ ಚಿಕ್ಕ ಹಾಡುಗಳು ಒಂದರ ಬಾಲವನ್ನು ಇನ್ನೊಂದು ಹಿಡಿದು ಸಾಗುತ್ತವೆ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮನ್ನು ತುಂಡು ತುಂಡಾಗಿ ಕೇಳುವುದು ಅವನ ದೃಷ್ಟಿಯಲ್ಲಿ ಅಪಚಾರ. ಆ 43 ನಿಮಿಷಗಳೂ ಸೇರಿ ಒಂದೇ ಹಾಡು. ಮೆಟಾಲಿಕಾದ 1991ರ ಕಪ್ಪು ಹೊದಿಕೆಯ ಆಲ್ಬಂ ಹೆಚ್ಚು ಮಾರಾಟವಾಯಿತು, ನಿಜ. ಆದರೆ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನ ಕಸುವು ಅದರಲ್ಲಿಲ್ಲವೆಂಬುದು ಅವನ ತೀರ್ಪು. ಕನ್ನಡದ ಮಟ್ಟಿಗೆ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ಅವನಿಗೆ ಅಚ್ಚುಮೆಚ್ಚು. ಶಿಶುನಾಳ ಶರೀಫರ ತತ್ತ್ವಪದ ಗಿಟಾರಿನೊಡನೆ ಹೊಂದಿಕೊಂಡ ಬಗೆಯನ್ನು ಹೊಗಳಿ ಅವನಿಗೆ ದಣಿವಿಲ್ಲ.

ಈ ತೀರ್ಪುಗಳನ್ನು ಕೇಳಿ ಮುಗುಳ್ನಗುವವರು ಕಾರ್ಕಳದ ಸೋದರಮಾವ. ಉಡುಪಿಯಲ್ಲಿ ನೌಕರಿಯಲ್ಲಿದ್ದ ದಿನಗಳಲ್ಲಿ ಸಾಲಿಗ್ರಾಮ ಮೇಳದ ಡೇರೆ ಎಲ್ಲಿ ಎದ್ದರೂ ಅವರಿಗೆ ಅಲ್ಲಿ ಜಾಗರಣೆ. ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆಯನ್ನು ಕೇಳಿದ ಕಿವಿಗೆ ಬೇರೆ ಕಂಠ ಹಿಡಿಸದೆಂಬುದು ಅವರ ಅಚಲ ನಂಬಿಕೆ. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ವರ್ಷ ತುಂಬಿರಲಿಲ್ಲ. ಮಾವನವರ ಕಪಾಟಿನಲ್ಲಿರುವ ಕ್ಯಾಸೆಟ್ಟುಗಳನ್ನು ಮನೆಯ ಮಕ್ಕಳು ಮುಟ್ಟುವಂತಿಲ್ಲ.

ಸೋಜಿಗವೆಂದರೆ, ಮಾವನಾಗಲಿ ಅಳಿಯನಾಗಲಿ ಒಬ್ಬರ ಸಂಗೀತವನ್ನು ಇನ್ನೊಬ್ಬರು ಎಂದೂ ಪೂರ್ತಿಯಾಗಿ ಕೇಳಿದವರಲ್ಲ. ಮಾವನಿಗೆ ರಾಕ್ ಎಂದರೆ ಬಾಗಿಲಿನ ಹೊರಗೆ ಕೇಳಿಸುವ ಬೊಬ್ಬೆ. ಅಳಿಯನಿಗೆ ಯಕ್ಷಗಾನವೆಂದರೆ ಮೊಬೈಲಿನಲ್ಲಿ ಎರಡು ನಿಮಿಷ ಕಂಡ ಕುಣಿತ. ಹೀಗಿದ್ದೂ ತೀರ್ಪು ಕೊಡುವುದರಲ್ಲಿ ಇಬ್ಬರೂ ಹಿಂಜರಿದವರಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ ಅಳಿಯ ಕಾರ್ಕಳಕ್ಕೆ ಬಂದಾಗ ಜಗಲಿಯಲ್ಲಿ ಮಾತು ಕಾವೇರಿತು. ರಘು ದೀಕ್ಷಿತರ ಹಾಡನ್ನು ಅಳಿಯ ಹೊಗಳಿದುದೇ ನೆಪ.

‘ಶರೀಫರ ಪದಕ್ಕೆ ಗಿಟಾರು ಯಾಕೆ ಮಾಣಿ? ಬೆರಕೆ ಮಾಡಿದರೆ ಎರಡೂ ಕೆಡುತ್ತವೆ,’ ಎಂದರು ಮಾವ.

‘ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದದ್ದು ಬೆರಕೆಯಲ್ಲವೇ ಮಾವ? ಅದನ್ನು ನೀವೇ ಮೆಚ್ಚಿ ಹೇಳಿದ್ದಿರಿ.’

ಮಾವ ಒಂದು ಕ್ಷಣ ಸುಮ್ಮನಾದರು. ಕಾರಂತರ ಪ್ರಯೋಗಕ್ಕೆ ಆ ಕಾಲದಲ್ಲಿ ಎದ್ದ ಆಕ್ಷೇಪಗಳು ಅವರಿಗೆ ಮರೆತಿರಲಿಲ್ಲ. ಪ್ರಯೋಗವನ್ನು ನೋಡದೆಯೇ ಬೈದವರ ಮೇಲೆ ತಾವೇ ಸಿಟ್ಟಾಗಿದ್ದುದೂ ನೆನಪಿತ್ತು.

ಅಳಿಯನ ಸರದಿಯೂ ಬಂದಿತು. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಚಲನಚಿತ್ರ ಬಿಡುಗಡೆಯಾದ ಮೇಲೆ, ಅದರ ‘ವರಾಹರೂಪಂ’ ಹಾಡು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಜ್ ಎಂಬ ರಾಕ್ ತಂಡ ನ್ಯಾಯಾಲಯದ ಮೆಟ್ಟಿಲೇರಿತ್ತು. ಕೆಲಕಾಲ ಹಾಡು ಚಿತ್ರದ ಅಂತರಜಾಲ ಪ್ರದರ್ಶನದಿಂದ ಮರೆಯಾಗಿ ಮತ್ತೆ ಬಂದಿತು. ಆ ದಿನಗಳಲ್ಲಿ ಉಡುಪಿಯ ಹೋಟೆಲುಗಳಲ್ಲಿ ಕಾಫಿಯೊಡನೆ ಇದೇ ಚರ್ಚೆ. ರಾಗ ಒಂದಾದ ಮಾತ್ರಕ್ಕೆ ಹಾಡು ಒಂದಾಗುವುದೇ ಎಂದು ಕೆಲವರು. ರಾಗವಷ್ಟೇ ಅಲ್ಲ, ಗಿಟಾರಿನ ನಡೆಯೂ ಒಂದೇ ಎಂದು ಕೆಲವರು. ಅಳಿಯನೂ ಒಂದು ಪಕ್ಷ ಹಿಡಿದು ವಾದಿಸಿದ್ದ.

‘ಎರಡು ಹಾಡನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದ್ದೆಯಾ?’ ಎಂದು ಕೇಳಿದರು ಮಾವ.

ಅಳಿಯ ತಲೆ ತಗ್ಗಿಸಿದ. ಒಂದನ್ನು ಮಾತ್ರ ಪೂರ್ತಿ ಕೇಳಿದ್ದ.

ಜಗಳ ಒಪ್ಪಂದಕ್ಕೆ ತಿರುಗಿದುದು ಅಲ್ಲಿ. ಮಾವ ಒಂದು ರಾಕ್ ಆಲ್ಬಮನ್ನು ನಡುವೆ ಏಳದೆ ಕೇಳಬೇಕು. ಮಳೆಗಾಲವಾದುದರಿಂದ ಮೇಳಗಳು ಗೆಜ್ಜೆ ಬಿಚ್ಚಿದ್ದವು, ದೀಪಾವಳಿ ಕಳೆದು ಮತ್ತೆ ತಿರುಗಾಟ ಆರಂಭವಾದಾಗ ಅಳಿಯ ಒಂದು ಆಟವನ್ನು ಚೌಕಿಪೂಜೆಯಿಂದ ಮಂಗಳದವರೆಗೆ ನೋಡಬೇಕು. ಕಾಲಮಿತಿಯ ಆಟಗಳು ಹೆಚ್ಚಿರುವ ಈ ದಿನಗಳಲ್ಲಿ, ಬೆಳಗಿನವರೆಗೆ ನಡೆಯುವ ಆಟವನ್ನೇ ಹುಡುಕಿ ನೋಡಬೇಕೆಂಬುದು ಮಾವನ ವಿಶೇಷ ಷರತ್ತು. ಅಲ್ಲಿಯವರೆಗೆ ಯಾರೂ ತೀರ್ಪು ಕೊಡುವಂತಿಲ್ಲ.

ಈ ಷರತ್ತಿನಲ್ಲಿ ಅರ್ಥವಿದೆ. ಹಳೆಯ ಗ್ರಾಮಾಫೋನ್ ತಟ್ಟೆಯ ಒಂದು ಬದಿಯಲ್ಲಿ ಕೆಲವೇ ನಿಮಿಷಗಳಿಗಿಂತ ಹೆಚ್ಚು ಸಂಗೀತಕ್ಕೆ ಎಡೆಯಿರುತ್ತಿರಲಿಲ್ಲ. 1948ರಲ್ಲಿ ನಿಧಾನವಾಗಿ ತಿರುಗುವ ದೀರ್ಘ ತಟ್ಟೆ ಬಂದ ಮೇಲೆ ಒಂದೊಂದು ಬದಿಗೂ ಇಪ್ಪತ್ತು ನಿಮಿಷ ದೊರೆಯಿತು. ಮುಂದೆ ರಾಕ್ ತಂಡಗಳು ಬಿಡಿ ಹಾಡುಗಳನ್ನು ಬಿಟ್ಟು ಇಡಿಯಾದ ಕೃತಿಯನ್ನು ಕಟ್ಟಲು ಕಲಿತುದು ಈ ಅವಕಾಶದಿಂದ. ಪ್ರಸಂಗದ ಪದ್ಯಗಳನ್ನು ಭಾಗವತನು ವಿಳಂಬದಿಂದ ಬೆಳೆಸಿ ಏರಿಸುವಂತೆ, ಅಲ್ಲಿಯೂ ಒಂದು ಏರುಗತಿಯಿದೆ. ನಡುವೆ ಎದ್ದು ಹೋದವನಿಗೆ ಎರಡೂ ಕೈಗೆ ಸಿಗುವುದಿಲ್ಲ.

ಅಳಿಯ ಆರಿಸಿದುದು ಲೆಡ್ ಝೆಪ್ಪೆಲಿನ್ ತಂಡದ 1969ರ ಎರಡನೆಯ ಆಲ್ಬಂ. ಸುಮಾರು 40 ನಿಮಿಷ. ಹೊರಗೆ ಮಳೆ ಹೊಯ್ಯುತ್ತಿತ್ತು. ಮಾವ ಕಣ್ಣು ಮುಚ್ಚಿ ಕುಳಿತರು. ಮೊದಲ ಹಾಡಿಗೆ ಅವರ ಹುಬ್ಬು ಗಂಟಿಕ್ಕಿತು. ಮೂರನೆಯದಕ್ಕೆ ನಿದ್ದೆ ಬಂದಂತಿತ್ತು. ಆದರೆ ಕೊನೆಯಿಂದ ಎರಡನೆಯದಾಗಿ ‘ಮೋಬಿ ಡಿಕ್’ ಬಂದಿತು. ಹೆಚ್ಚಿನ ಪಾಲು ಡೋಲುಗಳದ್ದೇ ಮಾತು. ಮಾವ ನೆಟ್ಟಗೆ ಕುಳಿತರು. ಅವರ ಬೆರಳು ಕುರ್ಚಿಯ ಕೈಯ ಮೇಲೆ ಪೆಟ್ಟು ಎಣಿಸತೊಡಗಿತು.

ಮುಗಿದ ಮೇಲೆ ಅವರೆಂದರು: ‘ಹಾಡುವವನ ಕೂಗು ನನಗೆ ಹಿಡಿಸಲಿಲ್ಲ. ಚೆಂಡೆಯವನು ಮಾತ್ರ ಗಟ್ಟಿಗ. ನಡುವೆ ಕೋಲು ಕೆಳಗಿಟ್ಟನಲ್ಲವೇ? ಅದು ಬರಿಗೈ ಪೆಟ್ಟು, ಮದ್ದಳೆಯ ಹಾಗೆ.’

ಅಳಿಯ ಬೆರಗಾದ. ಜಾನ್ ಬೊನ್‌ಹ್ಯಾಂ ಬರಿಗೈಯಿಂದಲೂ ಬಾರಿಸುತ್ತಿದ್ದನೆಂಬುದು ರಾಕ್ ರಸಿಕರಲ್ಲಿ ಪ್ರಸಿದ್ಧವಾದ ಸಂಗತಿ. ಅದನ್ನು ಅವನು ಓದಿ ತಿಳಿದಿದ್ದ. ಮಾವ ಕೇಳಿ ತಿಳಿದರು.

‘ಈಗಲೂ ಬಾರಿಸುತ್ತಾನೆಯೇ?’

‘ಇಲ್ಲ ಮಾವ. 1980ರಲ್ಲೇ ತೀರಿಕೊಂಡ. 32 ವರ್ಷ. ಅವನಿಲ್ಲದೆ ನಾವಿಲ್ಲವೆಂದು ಉಳಿದವರು ತಂಡವನ್ನೇ ನಿಲ್ಲಿಸಿದರು.’

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಮಳೆಯ ಸದ್ದೊಂದೇ ಉಳಿಯಿತು.

‘ನಮ್ಮ ಮೇಳ ನಿಲ್ಲಲಿಲ್ಲ,’ ಎಂದರು ಕಡೆಗೆ. ‘ನಿಲ್ಲಿಸಬಾರದಿತ್ತು, ನಿಲ್ಲಿಸಲಿಲ್ಲ. ಅವರ ಅನಂತರ ಬಂದ ಭಾಗವತರನ್ನು ನಾನು ಮಾತ್ರ ಸರಿಯಾಗಿ ಕೂತು ಕೇಳಲೇ ಇಲ್ಲ.’

ಹಾಗೆಂದವರು ಎದ್ದು ಕಪಾಟಿನ ಬಾಗಿಲು ತೆರೆದು ಒಂದು ಕ್ಯಾಸೆಟ್ಟನ್ನು ಅಳಿಯನ ಕೈಯಲ್ಲಿಟ್ಟರು.

‘ದೀಪಾವಳಿಯವರೆಗೆ ಇದನ್ನು ಕೇಳುತ್ತಿರು. ಆಟಕ್ಕೆ ಇಬ್ಬರೂ ಹೋಗೋಣ. ನನಗೂ ಕೇಳುವುದು ಬಾಕಿಯಿದೆ.’