ಚಪ್ಪಾಳೆ ಬೀಳುವುದು ಎಲ್ಲಿ?

ಚುನಾವಣಾ ಸಭೆಯಲ್ಲಿ ಸಾವಿರಾರು ಜನ ಒಮ್ಮೆಲೇ ಚಪ್ಪಾಳೆ ತಟ್ಟುತ್ತಾರೆ. ಇಂಥ ಕಡೆ ತಟ್ಟಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹಾಗಾದರೆ ಅಷ್ಟೂ ಕೈಗಳು ಒಂದೇ ಕ್ಷಣಕ್ಕೆ ಮೇಲೇಳುವುದು ಹೇಗೆ?

ಬ್ರಿಟನ್ನಿನ ಸಮಾಜವಿಜ್ಞಾನಿ ಮ್ಯಾಕ್ಸ್ ಅಟ್ಕಿನ್ಸನ್ ಈ ಪ್ರಶ್ನೆಯ ಬೆನ್ನು ಹತ್ತಿದರು. ರಾಜಕಾರಣಿಗಳ ಭಾಷಣಗಳ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ, ಚಪ್ಪಾಳೆಗೆ ತುಸು ಮುಂಚಿನ ಮಾತು ಯಾವ ರೂಪದಲ್ಲಿತ್ತೆಂದು ಗುರುತಿಸಿದರು. 1984ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಎರಡು ರೂಪಗಳಿಗೆ ಮುಖ್ಯ ಸ್ಥಾನ. ಒಂದು, ಮೂರು ಅಂಶಗಳ ಪಟ್ಟಿ. ಇನ್ನೊಂದು, 'ಅವರು ಹಾಗೆ, ನಾವು ಹೀಗೆ' ಎಂಬ ಎದುರುಬದುರು ಮಾತು.

ಕಾರಣ ಸರಳ. 'ಅನ್ನ ಬೇಕು, ಅಕ್ಷರ ಬೇಕು...' ಎಂದೊಡನೆ ಮೂರನೆಯದು ಬರಲಿದೆಯೆಂದು ಕಿವಿಗೆ ತಿಳಿಯುತ್ತದೆ. ಮಾತು ಮುಗಿಯುವ ಜಾಗ ಮೊದಲೇ ಗೊತ್ತಾಗುವುದರಿಂದ ಕೈಗಳು ಸಿದ್ಧವಾಗುತ್ತವೆ. ಭಾರದ ದಿಮ್ಮಿ ಎತ್ತುವವರು ಕೂಗು ಹಾಕಿ ಒಟ್ಟಿಗೆ ಬಲ ಬಿಡುವುದಿಲ್ಲವೇ, ಹಾಗೆ.

ಜಾನ್ ಹೆರಿಟೇಜ್ ಮತ್ತು ಡೇವಿಡ್ ಗ್ರೇಟ್‌ಬ್ಯಾಚ್ ಬ್ರಿಟಿಷ್ ಪಕ್ಷಗಳ 1981ರ ಸಮ್ಮೇಳನಗಳ 476 ಭಾಷಣಗಳನ್ನು ಪರಿಶೀಲಿಸಿದರು. ಸುಮಾರು ಮೂರನೇ ಎರಡು ಭಾಗದಷ್ಟು ಚಪ್ಪಾಳೆ ಬಂದದ್ದು ಇಂಥ ಏಳು ತಂತ್ರಗಳ ಬೆನ್ನಿಗೇ. ಈ ವಿದ್ಯೆಯನ್ನು ಕಲಿಸಲೂಬಹುದು. ಭಾಷಣದ ಅನುಭವವಿಲ್ಲದ ಮಹಿಳೆಯೊಬ್ಬರಿಗೆ ಅಟ್ಕಿನ್ಸನ್ ತರಬೇತಿ ನೀಡಿದರು. 1984ರ ಪಕ್ಷ ಸಮ್ಮೇಳನವೊಂದರಲ್ಲಿ ಅವರು ಮಾತನಾಡಿದಾಗ ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು!

ನಮ್ಮಲ್ಲಿಯೂ ಉಂಟು

1971ರ ಲೋಕಸಭಾ ಚುನಾವಣೆಯಲ್ಲಿ ವಿರೋಧಿಗಳ ಕೂಗು 'ಇಂದಿರಾ ಹಠಾವೋ'. ಇಂದಿರಾ ಗಾಂಧಿ ಅದನ್ನೇ ತಿರುಗಿಸಿದರು: ಅವರು ಇಂದಿರಾ ಹಠಾವೋ ಎನ್ನುತ್ತಾರೆ, ನಾನು ಗರೀಬಿ ಹಠಾವೋ ಎನ್ನುತ್ತೇನೆ. ಒಂದೇ ಪದದ ಬದಲಾವಣೆ. ಎದುರಾಳಿಗಳು ಒಬ್ಬ ವ್ಯಕ್ತಿಯ ಹಿಂದೆ ಬಿದ್ದವರಾದರು, ಅವರು ಬಡವರ ಪರ ನಿಂತವರಾದರು. ಅವರ ಪಕ್ಷ 352 ಸ್ಥಾನ ಗೆದ್ದಿತು. ಗೆಲುವಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಬಡತನವನ್ನು ಹೇಗೆ, ಎಷ್ಟು ವರ್ಷದಲ್ಲಿ ತೊಲಗಿಸುವುದು ಎಂಬುದು ಆ ಘೋಷಣೆಯೊಳಗೆ ಇರಲಿಲ್ಲ.

1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅವರ ಬೆಂಬಲಿಗರು ಕೂಗಿದ್ದು 'ಏಕ್ ಶೇರ್ನಿ, ಸೌ ಲಂಗೂರ್. ಚಿಕ್ಕಮಗಳೂರ್, ಭಾಯಿ, ಚಿಕ್ಕಮಗಳೂರ್'. ಒಂದು ಹೆಣ್ಣುಸಿಂಹ, ನೂರು ಮುಸುವಗಳು. ಇದರಲ್ಲಿ ರೂಪಕವಿದೆ, ವೈರುಧ್ಯವಿದೆ, ಅಂತ್ಯಪ್ರಾಸವಿದೆ. ಕಾಫಿ ಬೆಳೆಗಾರನಿಗೆ, ತೋಟದ ಕೂಲಿಯವನಿಗೆ ಏನು ಸಿಗುತ್ತದೆಂಬ ಮಾತು ಮಾತ್ರ ಇಲ್ಲ. ಆ ಚುನಾವಣೆಯಲ್ಲಿಯೂ ಇಂದಿರಾ ಅವರೇ ಗೆದ್ದರು.

ಅಲಂಕಾರ ಬೇರೆ, ಆಧಾರ ಬೇರೆ

ಹಾಗೆಂದು ಅಲಂಕಾರವೆಲ್ಲ ಮೋಸವಲ್ಲ. ಸತ್ಯವನ್ನೂ ಚೆಂದವಾಗಿ ಹೇಳಬಹುದು, ಸುಳ್ಳನ್ನೂ ಚೆಂದವಾಗಿ ಹೇಳಬಹುದು. ಪ್ರಾಸ ಕೂಡಿಬಂದರೆ ಲೆಕ್ಕ ಕೂಡಿಬಂದಂತಲ್ಲ ಎಂಬುದಷ್ಟೇ ನೆನಪಿರಬೇಕು.

ನಮ್ಮ ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಅಂದರೆ ಪಿಯುಸಿ ಮುಗಿಸಿದ ಬೆನ್ನಿಗೇ ಮತ ಕೈಗೆ ಬರುತ್ತದೆ. ಕನ್ನಡ ತರಗತಿಯಲ್ಲಿ ಅಂಕಕ್ಕಾಗಿ ಕಲಿತ ಉಪಮೆ, ರೂಪಕ, ಅನುಪ್ರಾಸಗಳು ನಿಜವಾಗಿ ಉಪಯೋಗಕ್ಕೆ ಬರುವುದು ಆಗಲೇ.

ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಟಿ.ವಿ.ಯಲ್ಲಿ ಭಾಷಣ ಬರುವಾಗ ತಂದೆತಾಯಿ, ಮಕ್ಕಳು ಜೊತೆಗೆ ಕುಳಿತು, ಚಪ್ಪಾಳೆ ಬಿದ್ದ ಮಾತನ್ನು ಕಾಗದದ ಮೇಲೆ ಬರೆಯಲಿ. ಅದರಿಂದ ಪ್ರಾಸ, ಹೋಲಿಕೆ, ಎದುರಾಳಿಯ ಹೆಸರು ತೆಗೆದುಹಾಕಲಿ. ಉಳಿದದ್ದಕ್ಕೆ ನಾಲ್ಕು ಪ್ರಶ್ನೆ ಕೇಳಲಿ: ಏನು ಮಾಡುತ್ತಾರೆ? ಎಷ್ಟು? ಯಾವಾಗ? ಯಾವ ಹಣದಿಂದ? ಉತ್ತರ ಸಿಕ್ಕರೆ ಅದು ಭರವಸೆ. ಸಿಗದಿದ್ದರೆ ಬರೀ ಚಪ್ಪಾಳೆ. ತಮಗಿಷ್ಟವಾದ ನಾಯಕರ ಭಾಷಣದಿಂದಲೇ ಈ ಪರೀಕ್ಷೆಯನ್ನು ಆರಂಭಿಸುವುದು ಒಳ್ಳೆಯದು.