ಇಳಿಜಾರಿನಲ್ಲಿ ಗೇರ್ ಇಳಿಸಿ, ಬ್ರೇಕ್ ಉಳಿಸಿ

ಶ್ರಾವಣ ಶುಕ್ರವಾರ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮುಗಿಸಿ, ಹಾಗೇ ದೇವರಾಯನದುರ್ಗಕ್ಕೂ ಹೋಗಿಬಂದರಾಯ್ತು ಅಂತ ಹೊರಟಿದ್ದೆವು. ಸ್ಟೀರಿಂಗ್ ನನ್ನ ಕೈಯಲ್ಲಿ, ಪಕ್ಕದಲ್ಲಿ ಅತ್ತೆ, ಹಿಂದೆ ನಾದಿನಿ ಮತ್ತು ಮಕ್ಕಳು. ಬೆಟ್ಟ ಹತ್ತುವಾಗ ಏನೂ ತೊಂದರೆ ಆಗಲಿಲ್ಲ. ಮೇಲಿನ ಯೋಗಾನರಸಿಂಹನ ಗುಡಿಯಿಂದ ಇಳಿಯುವಾಗ ಮಾತ್ರ ನಾಲ್ಕನೇ ಗೇರ್‌ನಲ್ಲೇ ಬ್ರೇಕ್ ತುಳೀತಾ ತುಳೀತಾ ಬಂದೆ. ಕೆಳಗಿನ ಭೋಗಾನರಸಿಂಹನ ಗುಡಿ ಹತ್ತಿರ ಬರೋ ಹೊತ್ತಿಗೆ ಏನೋ ಸುಟ್ಟ ವಾಸನೆ. ‘ಯಾರ ಮನೇಲೋ ಒಗ್ಗರಣೆ ಸೀದಿದೆ ಕಣೇ’ ಅಂದ್ರು ಅತ್ತೆ. ಸೀದಿದ್ದು ಒಗ್ಗರಣೆಯಲ್ಲ, ನಮ್ಮ ಕಾರಿನ ಬ್ರೇಕ್! ಪೆಡಲ್ ಎಷ್ಟು ಒತ್ತಿದರೂ ಕಾರು ಮೊದಲಿನಷ್ಟು ಬೇಗ ನಿಲ್ಲುತ್ತಿಲ್ಲ. ಅಂಗೈ ಬೆವರಿಹೋಯ್ತು.

ನಮ್ಮಲ್ಲಿ ಬಹಳಷ್ಟು ಜನ ಕಲಿಯುವುದು ಲೈಸೆನ್ಸ್ ಸಿಗುವಷ್ಟು ಡ್ರೈವಿಂಗ್. ಒಂದು, ಎರಡು, ಮೂರು ಅಂತ ಗೇರ್ ಏರಿಸೋದು ಬರುತ್ತೆ. ಇಳಿಸೋದು? ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್, ಮತ್ತೆ ಒಂದು. ಅಷ್ಟೇ. ಊರೊಳಗೆ ಇದು ನಡೆದುಹೋಗುತ್ತೆ, ಬೆಟ್ಟದಲ್ಲಿ ನಡೆಯಲ್ಲ.

ಬ್ರೇಕ್ ಕೆಲಸ ಮಾಡುವುದು ಉಜ್ಜುವಿಕೆಯಿಂದ. ಒಂದೇ ಸಮನೆ ಒತ್ತಿ ಹಿಡಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತೆ. ಇನ್ನೂ ಕಾದರೆ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಏಳುತ್ತೆ, ಆಗ ಪೆಡಲ್ ಮೆತ್ತಗೆ ತಳ ಮುಟ್ಟಿಬಿಡುತ್ತೆ. ಕೆಳಗಿನ ಗೇರ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಇಳಿಜಾರಿನಲ್ಲಿ ಓಡುವ ಕರುವನ್ನು ಹಗ್ಗ ಹಿಡಿದು ಎಳೆದ ಹಾಗೆ ಎಂಜಿನ್ನೇ ಚಕ್ರವನ್ನು ಹಿಡಿಯುತ್ತೆ. ಗೇರ್ ಎಷ್ಟು ಕೆಳಗೋ ಹಿಡಿತ ಅಷ್ಟು ಬಿಗಿ. ಯಾವ ಗೇರ್‌ನಲ್ಲಿ ಹತ್ತಿದಿರೋ ಸಾಮಾನ್ಯವಾಗಿ ಅದೇ ಗೇರ್‌ನಲ್ಲಿ ಇಳಿಯಿರಿ. ಹೆಚ್ಚಿನ ಬೆಟ್ಟಗಳಿಗೆ ಎರಡನೆಯದು ಸಾಕು.

ಗೇರ್ ಇಳಿಸೋದು ಇಳಿಜಾರು ಶುರುವಾಗುವ ಮೊದಲೇ ಆಗಬೇಕು. ಮೊದಲು ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಒತ್ತಿ ವೇಗ ಕಡಿಮೆ ಮಾಡಿ. ಆಮೇಲೆ ಕ್ಲಚ್ ಪೂರ್ತಿ ಒತ್ತಿ, ಗೇರ್ ಒಂದೇ ಮೆಟ್ಟಿಲು ಇಳಿಸಿ. ಕ್ಲಚ್ ಬಿಡುವುದು ಮಾತ್ರ ನಿಧಾನವಾಗಿ, ಹಾಲು ಉಕ್ಕೋ ಹೊತ್ತಿಗೆ ಉರಿ ಸಣ್ಣ ಮಾಡ್ತೀವಲ್ಲ ಹಾಗೆ. ಕಾರು ಮುಗ್ಗರಿಸಿದಂತೆ ಕುಲುಕಿದರೆ ವೇಗ ಇನ್ನೂ ಜಾಸ್ತಿ ಇತ್ತು ಅಂತ ಅರ್ಥ. ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ಚೂರು ಮುಟ್ಟಿದರೆ ಕುಲುಕಾಟ ಕಡಿಮೆ. ಇದು ಕೈಗೆ ಬರೋಕೆ ಒಂದೆರಡು ವಾರ ಬೇಕು, ಬರದಿದ್ದರೂ ಚಿಂತೆಯಿಲ್ಲ. ಅಂದಾಜಿಗೆ ಮೂರನೇ ಗೇರ್‌ಗೆ ಮೂವತ್ತು-ನಲವತ್ತು, ಎರಡಕ್ಕೆ ಹದಿನೈದರಿಂದ ಮೂವತ್ತು ಕಿಲೋಮೀಟರ್ ವೇಗ ಇಟ್ಟುಕೊಳ್ಳಿ. ಅರವತ್ತರ ವೇಗದಲ್ಲಿ ಐದರಿಂದ ನೇರ ಎರಡಕ್ಕೆ ಹಾಕಿದರೆ ಎಂಜಿನ್ ಕಿರುಚುತ್ತೆ. ಮಳೆಯಲ್ಲಿ ಒದ್ದೆ ರಸ್ತೆ ಆದರಂತೂ ಚಕ್ರ ಜಾರುತ್ತೆ.

ಇನ್ನೊಂದು ತಪ್ಪು ಹೆಂಗಸರು-ಗಂಡಸರು ಎಲ್ಲರೂ ಮಾಡೋದು, ತಿರುವಿನುದ್ದಕ್ಕೂ ಕ್ಲಚ್ ಒತ್ತಿಕೊಂಡೇ ಇರೋದು. ಕ್ಲಚ್ ಒತ್ತಿದರೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ತಪ್ಪುತ್ತೆ. ನಮ್ಮ ಮನೆಯವರಂತೂ ‘ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕು, ಪೆಟ್ರೋಲ್ ಉಳಿಯುತ್ತೆ’ ಅಂತ ಪಾಠ ಹೇಳುತ್ತಿದ್ದರು. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಆಗೋದೇ ಉಲ್ಟಾ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ನಿಂತೇಹೋಗುತ್ತೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಚಾಲೂ ಇರೋಕೆ ಸುಡುತ್ತಲೇ ಇರುತ್ತೆ. ಎಂಜಿನ್ನೇ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಆಗ ಸ್ಟೀರಿಂಗ್, ಬ್ರೇಕ್ ಎರಡೂ ಗಟ್ಟಿಯಾಗುತ್ತವೆ. ದಯವಿಟ್ಟು ಬೇಡ.

ಗೇರ್ ಇಳಿಸೋದು ಬೆಟ್ಟಕ್ಕೆ ಮಾತ್ರವೂ ಅಲ್ಲ. ಸುಗ್ಗಿ ಕಾಲದಲ್ಲಿ ಈ ಕಡೆ ಹಳ್ಳಿ ರಸ್ತೆ ಮೇಲೆಯೇ ರಾಗಿ, ಹುರುಳಿ ಹರಡಿರುತ್ತಾರೆ. ಹುಲ್ಲಿನ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಜಾರುತ್ತೆ, ದೂರದಲ್ಲಿ ಕಂಡಾಗಲೇ ಮೂರಕ್ಕೋ ಎರಡಕ್ಕೋ ಇಳಿಯಿರಿ. ಕುರಿಮಂದೆ, ಬಣ್ಣ ಮಾಸಿದ ಹಂಪ್, ಎಲ್ಲಕ್ಕೂ ಇದೇ ಉಪಾಯ. ಹತ್ತುವಾಗಲೂ ಅಷ್ಟೇ, ಕಾರು ತುಂಬ ಜನ ಇದ್ದು ಎಂಜಿನ್ ಗಡಗಡ ಅಂತ ನಡುಗಿದರೆ ಕಾಯಬೇಡಿ, ಒಂದು ಗೇರ್ ಕೆಳಗೆ. ಇಕ್ಕಟ್ಟು ರಸ್ತೆಯಲ್ಲಿ ಎದುರಾದಾಗ ಇಳಿಯುವವರೇ ನಿಂತು ಹತ್ತುವವರಿಗೆ ದಾರಿ ಬಿಡಬೇಕು ಎನ್ನುವುದು ಕಾನೂನು. ಹಾರ್ನ್ ಹೊಡೆದು ಗದರಿಸುವವರಿಗೆ ಹೆದರಬೇಡಿ.

ಅಕಸ್ಮಾತ್ ಸುಟ್ಟ ವಾಸನೆ ಬಂದೇಬಿಟ್ಟರೆ? ಗೇರ್ ಕೆಳಗಿಳಿಸಿ, ಜಾಗ ಸಿಕ್ಕಿದ ಕಡೆ ಪಕ್ಕಕ್ಕೆ ನಿಲ್ಲಿಸಿ, ಮೊದಲನೇ ಗೇರ್‌ನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಬ್ರೇಕ್‌ಗೆ ನೀರು ಸುರಿಯಬೇಡಿ, ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಅದಾಗಿಯೇ ತಣಿಯಲಿ. ನಾವೂ ಮರದಡಿ ಕೂತು ಪುಳಿಯೋಗರೆ ತಿಂದೆವು. ಮುಕ್ಕಾಲು ಗಂಟೆ ಆದಮೇಲೆ ಬ್ರೇಕ್ ಹಿಡಿಯುತ್ತಾ ಅಂತ ಅಲ್ಲೇ ಮೆಲ್ಲಗೆ ನೋಡಿ, ಎರಡನೇ ಗೇರ್‌ನಲ್ಲಿ ಇಳಿದೆವು. ಮರುದಿನವೇ ಮೆಕ್ಯಾನಿಕ್‌ಗೆ ತೋರಿಸಿ, ಬ್ರೇಕ್ ಆಯಿಲ್ ಬದಲಾಯಿಸಿದ್ದಾಯ್ತು.

ನಿಮ್ಮದು ಆಟೊಮ್ಯಾಟಿಕ್ ಕಾರಾದರೆ ಗೇರ್ ಪಕ್ಕದಲ್ಲಿ ‘ಎಲ್’ ಅಥವಾ ‘ಎಂ’ ಅಂತ ಬರೆದಿದೆಯಾ ನೋಡಿ. ಇಳಿಜಾರಿನಲ್ಲಿ ಅದನ್ನು ಬಳಸೋದು ಹೇಗೆ ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಓದಿಕೊಂಡು, ಬೆಟ್ಟಕ್ಕೆ ಹೋಗುವ ಮೊದಲೇ ಖಾಲಿ ರಸ್ತೆಯಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ.