ನಿರಪರಾಧಿ ಅಂತ ತೀರ್ಪು ಬಂತು, ಮುಂದೇನು?

ಪಾಡ್‌ಕಾಸ್ಟ್‌ನ ಬರಹ ರೂಪ

'ಇಷ್ಟು ವರ್ಷಗಳ ಬಳಿಕ ನಿರ್ದೋಷಿ ಎಂದು ಬಿಡುಗಡೆ' ಅನ್ನೋ ನೋಟಿಫಿಕೇಶನ್ ಆಗಾಗ ನಿಮ್ಮ ಫೋನಿಗೆ ಬರುತ್ತೆ. ಜೈಲಿನ ಗೇಟು, ಅಳ್ತಾ ಅಪ್ಪಿಕೊಳ್ಳೋ ಮನೆಯವರು, ಒಂದು ಫೋಟೊ. ಸುದ್ದಿ ಅಲ್ಲಿಗೆ ಮುಗಿಯುತ್ತೆ. ಆದರೆ ಮಾರನೇ ದಿನ ಬೆಳಿಗ್ಗೆ ಆ ಮನುಷ್ಯ ಏನು ಮಾಡಬೇಕು? ಕೆಲಸ ಯಾರು ಕೊಡ್ತಾರೆ? ಕಳೆದುಹೋದ ವರ್ಷಗಳಿಗೆ ಸರ್ಕಾರ ಏನಾದ್ರೂ ಕೊಡುತ್ತಾ? ಇವತ್ತಿನ ಸಂಚಿಕೆ ಈ ಬಗ್ಗೆ.

ನಮ್ಮದೇ ರಾಜ್ಯದ ಒಂದು ಪ್ರಕರಣದಿಂದ ಶುರು ಮಾಡೋಣ.

1994ರ ಜನವರಿ. ಕಲಬುರಗಿಯ ನಿಸಾರುದ್ದೀನ್ ಅಹ್ಮದ್ ಆಗ ಫಾರ್ಮಸಿ ಡಿಪ್ಲೊಮಾ ವಿದ್ಯಾರ್ಥಿ. ವಯಸ್ಸು ಇನ್ನೂ 20 ತುಂಬಿರಲಿಲ್ಲ. 1993ರ ಡಿಸೆಂಬರ್‌ನಲ್ಲಿ ರೈಲುಗಳಲ್ಲಿ ನಡೆದ ಬಾಂಬ್ ಸ್ಫೋಟಗಳ ಕೇಸಿನಲ್ಲಿ ಅವರನ್ನ ಆರೋಪಿ ಮಾಡಲಾಯಿತು. ಅಜ್ಮೀರ್‌ನ ಟಾಡಾ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಆಧಾರ ಏನು? ಪೊಲೀಸ್ ಕಸ್ಟಡಿಯಲ್ಲಿ ಪಡೆದ ತಪ್ಪೊಪ್ಪಿಗೆ ಹೇಳಿಕೆ. 2016ರ ಮೇ 11ರಂದು ಸುಪ್ರೀಂ ಕೋರ್ಟು ಆ ಹೇಳಿಕೆಯನ್ನ ಒಪ್ಪಲಿಲ್ಲ, ಅವರನ್ನ ಖುಲಾಸೆಗೊಳಿಸಿತು. ಕೆಲವೇ ದಿನಗಳಲ್ಲಿ ಜೈಪುರದ ಜೈಲಿನಿಂದ ಹೊರಗೆ ಬಂದರು. ಒಳಗೆ ಕಳೆದದ್ದು 22 ವರ್ಷಕ್ಕೂ ಹೆಚ್ಚು. ಮಗನ ಬಿಡುಗಡೆಗಾಗಿ ಓಡಾಡಿದ್ದ ತಂದೆ ಅಷ್ಟರಲ್ಲಿ ತೀರಿಹೋಗಿದ್ದರು.

ಈಗ ಒಂದು ಲೆಕ್ಕ ಹಾಕಿ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಆಗಿದ್ದು 1995ರ ಜುಲೈ 31ಕ್ಕೆ. ಮೊದಲ ಆಧಾರ್ ಸಂಖ್ಯೆ ಕೊಟ್ಟಿದ್ದು 2010ರಲ್ಲಿ. ಅಂದ್ರೆ 1994ರಲ್ಲಿ ಒಳಗೆ ಹೋದವರು ಹೊರಗೆ ಬರೋ ಹೊತ್ತಿಗೆ, ನೀವು ನಾವು ದಿನಾ ಯೋಚನೆಯೇ ಮಾಡದೆ ಬಳಸೋ ಎಲ್ಲವೂ ಅವರಿಗೆ ಹೊಸದು. ಬ್ಯಾಂಕ್ ಖಾತೆಗೆ ಸಾಮಾನ್ಯವಾಗಿ ಆಧಾರ್ ಕೇಳ್ತಾರೆ, ಆಧಾರ್‌ಗೆ ವಿಳಾಸದ ದಾಖಲೆ ಬೇಕು, ಎಲ್ಲದಕ್ಕೂ ಒಟಿಪಿ ಬರೋಕೆ ಒಂದು ಸಿಮ್ ಬೇಕು. ಆ ಸಿಮ್ ತಗೊಳ್ಳೋಕೆ ಮತ್ತೆ ಗುರುತಿನ ಚೀಟಿ ಬೇಕು!

ತಪ್ಪು ಮಾಡಿದವರಿಗಿಂತ ಕಡಿಮೆ ನೆರವು

ಇಲ್ಲಿ ವಿಚಿತ್ರ ಏನಂದ್ರೆ, ಅಪರಾಧ ಮಾಡಿ ಶಿಕ್ಷೆ ಮುಗಿಸಿದವರಿಗೆ ಸಿದ್ಧತೆಗೆ ಸ್ವಲ್ಪ ಸಮಯವಾದ್ರೂ ಸಿಗುತ್ತೆ. ಬಿಡುಗಡೆಯ ದಿನ ಮೊದಲೇ ಗೊತ್ತಿರುತ್ತೆ. ಕೆಲವರು ಪೆರೋಲ್ ಮೇಲೆ ಊರಿಗೆ ಹೋಗಿ ಬಂದಿರ್ತಾರೆ. ನಿರಪರಾಧಿಗೆ ಹಾಗಲ್ಲ. ಮೇಲ್ಮನವಿಯ ತೀರ್ಪು ಯಾವತ್ತು ಬರುತ್ತೋ ಗೊತ್ತಿಲ್ಲ. ಬಂದ ಮೇಲೆ ಆದೇಶ ಜೈಲಿಗೆ ತಲುಪುತ್ತೆ, ಗೇಟು ತೆಗೆಯುತ್ತೆ, ಅಷ್ಟೇ. ಅಮೆರಿಕದಲ್ಲೂ ಇದೇ ದೂರು. ಪೆರೋಲ್ ಮೇಲೆ ಬಂದವರಿಗೆ ಒಬ್ಬ ಅಧಿಕಾರಿ ಇರ್ತಾರೆ, ವಸತಿ, ಕೆಲಸ ಹುಡುಕೋಕೆ ನೆರವು ಇರುತ್ತೆ. ಶಿಕ್ಷೆಯೇ ರದ್ದಾದವರು ಆ ವ್ಯವಸ್ಥೆಯ ಲೆಕ್ಕಕ್ಕೇ ಬರಲ್ಲ.

ಪರಿಹಾರ ಸಿಗುತ್ತಾ?

ಭಾರತದಲ್ಲಿ ಇದಕ್ಕೆ ಅಂತಲೇ ಒಂದು ಕಾನೂನು ಇಲ್ಲ. ಯಾರದ್ದೋ ಮಾತಿನ ಮೇಲೆ ಪೊಲೀಸರು ಆಧಾರವಿಲ್ಲದೆ ಬಂಧಿಸಿದ್ರೆ ಪರಿಹಾರ ಕೊಡಿಸೋ ಒಂದು ಕಲಮು ಬಿಎನ್‌ಎಸ್‌ಎಸ್‌ನಲ್ಲಿದೆ, 399ನೇದು. ಅದರ ಗರಿಷ್ಠ ಮಿತಿ ಎಷ್ಟು ಗೊತ್ತಾ? 1,000 ರೂಪಾಯಿ.

ಇನ್ನೊಂದು ದಾರಿ ಸಂವಿಧಾನದ 21ನೇ ವಿಧಿ. ಜೀವಿಸುವ ಹಕ್ಕಿಗೆ ಧಕ್ಕೆ ಆಗಿದೆ ಅಂತ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗೋದು. ಇದನ್ನ ತೆರೆದದ್ದು 1983ರ ರುದುಲ್ ಸಾಹ್ ಪ್ರಕರಣ. ಬಿಹಾರದ ಈ ವ್ಯಕ್ತಿ 1968ರಲ್ಲೇ ಖುಲಾಸೆ ಆಗಿದ್ದರು. ಆದ್ರೂ 1982ರವರೆಗೆ ಜೈಲಲ್ಲೇ ಇಟ್ಟಿದ್ದರು. ಆಗಲೇ ಕೊಟ್ಟಿದ್ದ 5,000 ರೂಪಾಯಿ ಅಲ್ಲದೆ ಇನ್ನೂ 30,000 ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ ಈ ದಾರಿಯಲ್ಲಿ ಎಲ್ಲವೂ ನ್ಯಾಯಾಲಯದ ವಿವೇಚನೆ. ಅಕ್ಷರಧಾಮ ದಾಳಿ ಕೇಸಿನಲ್ಲಿ 2014ರಲ್ಲಿ ಖುಲಾಸೆ ಆದವರು ಪರಿಹಾರ ಕೇಳಿದಾಗ, 2016ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಇತ್ತೀಚಿನ ಉದಾಹರಣೆ ಕೊಡಗಿನದು. ಹೆಂಡತಿಯನ್ನ ಕೊಂದ ಆರೋಪದ ಮೇಲೆ ಒಬ್ಬ ಆದಿವಾಸಿ ವ್ಯಕ್ತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಲ್ಲಿದ್ದರು. ಅವರಿಗೆ ಶಿಕ್ಷೆ ಆಗಿರಲಿಲ್ಲ, ವಿಚಾರಣೆ ನಡೀತಿತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಸಿಕ್ಕರು! ಮೈಸೂರಿನ ನ್ಯಾಯಾಲಯ ಆರೋಪಿಯನ್ನ ಖುಲಾಸೆಗೊಳಿಸಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. 1,000, 30,000, 1 ಲಕ್ಷ, ಕೆಲವೊಮ್ಮೆ ಏನೂ ಇಲ್ಲ. ಒಂದು ಅಳತೆಗೋಲೇ ಇಲ್ಲ ಅನ್ನೋದು ಇದರಿಂದ ಗೊತ್ತಾಗುತ್ತೆ.

ಬೇರೆ ಕಡೆ? ಅಮೆರಿಕದ ಕೇಂದ್ರ ಕಾನೂನಿನಲ್ಲಿ ಜೈಲಲ್ಲಿ ಕಳೆದ ವರ್ಷಕ್ಕೆ 50,000 ಡಾಲರ್‌ವರೆಗೆ, ಮರಣದಂಡನೆಯ ಕೈದಿಯಾಗಿದ್ದರೆ 1 ಲಕ್ಷ ಡಾಲರ್‌ವರೆಗೆ. ಟೆಕ್ಸಸ್ ರಾಜ್ಯದಲ್ಲಿ ವರ್ಷಕ್ಕೆ 80,000 ಡಾಲರ್, ಜೊತೆಗೆ ಕಾಲೇಜು ಶುಲ್ಕದ ನೆರವು. ಜಪಾನಿನಲ್ಲಿ ದಿನಕ್ಕೆ ಗರಿಷ್ಠ 12,500 ಯೆನ್. ದಶಕಗಳ ಕಾಲ ಗಲ್ಲಿನ ನೆರಳಲ್ಲಿ ಬದುಕಿದ ಇವಾವೊ ಹಕಮಾಡಾ ಅವರಿಗೆ 2025ರಲ್ಲಿ ಈ ಲೆಕ್ಕದ ಪ್ರಕಾರ ಸುಮಾರು 21.7 ಕೋಟಿ ಯೆನ್ ಸಿಕ್ಕಿತು. ಎಲ್ಲ ಕಡೆ ಚೆನ್ನಾಗಿದೆ ಅಂತಲೂ ಅಲ್ಲ. ಬ್ರಿಟನ್ನಿನಲ್ಲಿ ಜೈಲಲ್ಲಿದ್ದಾಗ ಊಟ-ವಸತಿಗೆ ಉಳಿದ ಖರ್ಚು ಅಂತ ಹೇಳಿ ಪರಿಹಾರದ ಹಣದಲ್ಲಿ ಮುರಿದುಕೊಳ್ಳೋ ಪದ್ಧತಿ ಇತ್ತು. ಅದನ್ನ ಕೈಬಿಟ್ಟಿದ್ದು 2023ರಲ್ಲಿ.

ನಮ್ಮಲ್ಲಿ ಏನಾಗಬೇಕು ಅನ್ನೋದು ಬರಹದಲ್ಲಿ ಇದೆ. ದೆಹಲಿ ಹೈಕೋರ್ಟಿನ ಸೂಚನೆ ಮೇಲೆ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿ ಕೊಟ್ಟಿತು. ಸುಳ್ಳು ಅಥವಾ ದುರುದ್ದೇಶದ ಕೇಸಿಗೆ ಸಿಕ್ಕವರ ಅರ್ಜಿಗೆ ವಿಶೇಷ ನ್ಯಾಯಾಲಯ ಇರಲಿ, ಹಣದ ಜೊತೆ ಕೌನ್ಸೆಲಿಂಗ್, ಉದ್ಯೋಗ ತರಬೇತಿಯೂ ಸಿಗಲಿ ಅಂತ ಅದರಲ್ಲಿದೆ. ಖುಲಾಸೆ ಆದವರೆಲ್ಲರಿಗೂ ಪರಿಹಾರ ಅಂತ ಆಯೋಗ ಹೇಳಿಲ್ಲ, ತಪ್ಪಾಗಿ ಕೇಸು ನಡೆಸಿದ್ದು ಸಾಬೀತಾಗಬೇಕು. ಅಷ್ಟು ಬಿಗಿಯಾದ ಶಿಫಾರಸು ಕೂಡ ಕಾನೂನಾಗಲಿಲ್ಲ. 2025ರ ಜುಲೈನಲ್ಲಿ ತಮಿಳುನಾಡಿನ ಮರಣದಂಡನೆ ಕೈದಿಯೊಬ್ಬರನ್ನ ಬಿಡುಗಡೆ ಮಾಡುವಾಗ ಸುಪ್ರೀಂ ಕೋರ್ಟು, ಪರಿಹಾರದ ವಿಷಯ ಶಾಸಕಾಂಗ ಯೋಚಿಸಬೇಕಾದದ್ದು ಅಂತ ಹೇಳಿತು.

ಹಣ ಒಂದೇ ಸಾಲಲ್ಲ

ಕೇಂಬ್ರಿಜ್‌ನ ಮನೋವೈದ್ಯ ಏಡ್ರಿಯನ್ ಗ್ರೌಂಡ್ಸ್, ತಪ್ಪಾಗಿ ಶಿಕ್ಷೆಗೊಳಗಾಗಿದ್ದ 18 ಜನರನ್ನ ಪರೀಕ್ಷಿಸಿ 2004ರಲ್ಲಿ ಅಧ್ಯಯನ ಪ್ರಕಟಿಸಿದರು. ಬಹಳಷ್ಟು ಜನರ ಸ್ವಭಾವವೇ ಬದಲಾಗಿಹೋಗಿತ್ತು. ಯುದ್ಧ ಕಂಡು ಬಂದವರಲ್ಲಿ ಕಾಣೋ ಥರದ ಆಘಾತ ಇತ್ತು. ಮನೆಯವರ ಜೊತೆ ಹೊಂದಿಕೊಳ್ಳೋದೂ ಕಷ್ಟ ಆಗ್ತಿತ್ತು. 'ಬಂದ್ಯಲ್ಲ, ಇನ್ನು ಎಲ್ಲ ಮರೆತುಬಿಡು' ಅಂತ ಮನೆಯವರು ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಅದು ಮರೆಯೋ ವಿಷಯ ಅಲ್ಲ, ಚಿಕಿತ್ಸೆ ಬೇಕಾದ ವಿಷಯ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಇಂಟರ್ನೆಟ್. ಬಂಧನದ ಸುದ್ದಿ ಹತ್ತು ಕಡೆ ಇರುತ್ತೆ, ಖುಲಾಸೆ ಸುದ್ದಿ ಒಂದು ಕಡೆ. ಕೆಲಸ ಕೊಡೋರು ಹೆಸರು ಹುಡುಕಿದ್ರೆ ಮೊದಲು ಕಾಣೋದು ಯಾವುದು? ಮಾದಕ ದ್ರವ್ಯ ಕೇಸಿನಲ್ಲಿ ಖುಲಾಸೆ ಆಗಿದ್ದ ಒಬ್ಬರು ಇದೇ ಕಾರಣಕ್ಕೆ ಕೆಲಸ ಸಿಗ್ತಿಲ್ಲ ಅಂತ ದೆಹಲಿ ಹೈಕೋರ್ಟಿಗೆ ಹೋದರು. ಆ ತೀರ್ಪು ಹುಡುಕಾಟದಲ್ಲಿ ಕಾಣದ ಹಾಗೆ ಮಾಡಿ ಅಂತ 2021ರಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು.

ನಿಮಗೆ ಗೊತ್ತಿರೋರು ಯಾರಾದ್ರೂ ಹೀಗೆ ಹೊರಗೆ ಬಂದಿದ್ರೆ ಏನು ಮಾಡಬಹುದು?

ಮೊದಲು ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ, ಕೆಲವು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಶನ್ ಬಂದಾಗ ಉತ್ತರ ಅದೇ. ಪರಿಹಾರಕ್ಕೆ ಅರ್ಜಿ ಹಾಕೋ ಬಗ್ಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಸಹಾಯವಾಣಿ 15100. ಆಧಾರ್ ಕೇಂದ್ರಕ್ಕೆ, ಬ್ಯಾಂಕಿಗೆ ಜೊತೆಗೆ ಹೋಗಿ. ಫೋನಿನಲ್ಲಿ ಹಣ ಕಳಿಸೋದು ಹೇಗೆ, ಯಾವ ಒಟಿಪಿಯನ್ನ ಯಾರಿಗೂ ಹೇಳಬಾರದು ಅಂತ ಕೂತು ಕಲಿಸಿಕೊಡಿ. ಅದಕ್ಕೆ ನಿಮಗಿಂತ ಒಳ್ಳೆ ಮೇಷ್ಟ್ರು ಸಿಗಲ್ಲ.

ಕೊನೆಯದಾಗಿ ಒಂದು ಮಾತು. ಇಂಥ ಸುದ್ದಿಯ ಕೆಳಗೆ 'ಬೆಂಕಿ ಇಲ್ದೆ ಹೊಗೆ ಆಡುತ್ತಾ?' ಅನ್ನೋ ಕಾಮೆಂಟ್ ಇದ್ದೇ ಇರುತ್ತೆ. ತಪ್ಪು ಸಾಬೀತಾಗುವವರೆಗೆ ಎಲ್ಲರೂ ನಿರಪರಾಧಿಗಳೇ ಅನ್ನೋದು ನಮ್ಮ ಕಾನೂನು. ಖುಲಾಸೆ ಆದವರು ನಿಮ್ಮ, ನನ್ನ ಹಾಗೆಯೇ ನಿರಪರಾಧಿ. ಕೋರ್ಟು ಬಿಟ್ಟ ಮೇಲೂ ಓಣಿಯವರು ಬಿಡದಿದ್ರೆ, ಬಾಡಿಗೆ ಮನೆ, ಕೆಲಸ, ಮದುವೆ ಎಲ್ಲಾ ಕಡೆ ಶಿಕ್ಷೆ ಮುಂದುವರಿತಾನೇ ಇರುತ್ತೆ. ಪರಿಹಾರದ ಕಾನೂನನ್ನ ಸಂಸತ್ತು ಮಾಡಬೇಕು. ಈ ಎರಡನೇ ಶಿಕ್ಷೆಯನ್ನ ನಿಲ್ಲಿಸೋಕೆ ಯಾವ ಕಾನೂನೂ ಬೇಡ, ನಾವೇ ಸಾಕು.